ಗಟ್ಟಿಗಿತ್ತಿಯ ನೆಗಡಿ

ಆ ಮನೆಯಲ್ಲಿ ನೆಗಡಿ ಗಂಡಸಿಗೆ ಮಾತ್ರ ಬರುವ ಕಾಯಿಲೆಯಾಗಿತ್ತು. ಗಂಡನ ಮೂಗು ಸೋರತೊಡಗಿದರೆ ಟೀವಿಯ ಸದ್ದು ತಾನಾಗಿ ತಗ್ಗುತ್ತಿತ್ತು, ಕಿಟಕಿಯ ಪರದೆ ಇಳಿಯುತ್ತಿತ್ತು, ಮಗಳು ತುದಿಗಾಲಲ್ಲಿ ನಡೆಯುತ್ತಿದ್ದಳು. ಕಂಬಳಿಯೊಳಗಿನಿಂದ "ಉಸ್ಸಪ್ಪಾ" ಎಂಬ ಸ್ವರ ಬಂದರೆ ಸಾಕು, ಅವನ ತಾಯಿ ಅಡುಗೆಮನೆಯತ್ತ ತಿರುಗಿ, "ಬಿಸಿನೀರು ಕೊಡೇ, ಮಗು ನರಳ್ತಾ ಇದೆ" ಎನ್ನುತ್ತಿದ್ದರು. ಮಗುವಿಗೆ ಐವತ್ತರ ಹತ್ತಿರ ವಯಸ್ಸು. ಹೊಸ ಕಟ್ಟಡಗಳಿಗೆ ವೈರಿಂಗ್ ಮಾಡುವ ಕೆಲಸ. ಬಿಸಿನೀರು, ಆವಿ ತೆಗೆದುಕೊಳ್ಳಲು ಪಾತ್ರೆ, ತಲೆಯ ಮೇಲೆ ಹೊದೆಯಲು ಟವೆಲು, ಅದು ಒದ್ದೆಯಾದರೆ ಇನ್ನೊಂದು ಟವೆಲು, ಒಗೆದು ಒಣಗಿಸಿದ ಕರವಸ್ತ್ರಗಳು, ಎಲ್ಲವೂ ಕಾಲು ಮೂಡಿ ನಡೆದು ಬಂದಂತೆ ಮಂಚದ ಹತ್ತಿರ ಬರುತ್ತಿದ್ದವು. ತಂದುಕೊಡುತ್ತಿದ್ದವಳಿಗೂ ಎಷ್ಟೋ ಸಲ ಅದೇ ವಾರ ನೆಗಡಿಯಾಗಿರುತ್ತಿತ್ತು. ಅದಕ್ಕೆ ಆ ಮನೆಯಲ್ಲಿ ಬೇರೆ ಹೆಸರು: "ಏನಿಲ್ಲ, ಸ್ವಲ್ಪ ಶೀತ."

ಅವಳನ್ನು ಎಲ್ಲರೂ ಗಟ್ಟಿಗಿತ್ತಿ ಎನ್ನುತ್ತಿದ್ದರು. ಹೆಸರಿಟ್ಟವರು ಅತ್ತೆ. ಮಗಳು ಹುಟ್ಟಿದಾಗ, ಹಸಿ ಬಾಣಂತಿ ಎದ್ದು ಬಂದು ಒಲೆಯ ಮುಂದೆ ನಿಂತದ್ದನ್ನು ಕಂಡು ಅತ್ತೆ ಕಣ್ಣರಳಿಸಿ, "ನಮ್ಮ ಸೊಸೆ ಗಟ್ಟಿಗಿತ್ತಿ ಕಣಪ್ಪ" ಎಂದು ಬಂದವರಿಗೆಲ್ಲ ಹೇಳಿದ್ದರು. ಹೊಗಳಿಕೆ ಕೇಳಿದ ಮೇಲೆ ಮತ್ತೆ ಹೋಗಿ ಮಲಗುವುದು ಹೇಗೆ? ಅವಳು ನಿಂತೇ ಇದ್ದಳು. ಆಮೇಲೆ ಗಂಡನೂ ಹಾಗೆಯೇ ಕರೆದ. ನೆರೆಮನೆಯವರು ಕರೆದರು. ಕೆಲಸಕ್ಕೆ ಸೇರಿದ ಕಡೆಯಲ್ಲೂ ಅದೇ ನಿಂತಿತು. ಭಾರದ ಮೂಟೆ ಎತ್ತಬೇಕೇ, ಯಾರಾದರೂ ಬಾರದ ದಿನ ಅವರ ಪಾಲಿನದೂ ಮಾಡಬೇಕೇ, "ನಮ್ಮ ಗಟ್ಟಿಗಿತ್ತಿ ಇದ್ದಾಳಲ್ಲ!" ಅವಳು ನಕ್ಕು ಎದ್ದು ಹೋಗುತ್ತಿದ್ದಳು. ಆ ನಗು ಬರಿಯ ಅಭ್ಯಾಸ ಎಂದು ಯಾರಿಗೂ ಅನ್ನಿಸಿರಲಿಲ್ಲ, ಅವಳಿಗೂ ಅನ್ನಿಸಿರಲಿಲ್ಲ.

ಕೆಲಸ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ. ಉದ್ದನೆಯ ಶೆಡ್ಡು. ಒಂದು ತುದಿಯಲ್ಲಿ ಕೊಳೆ ಬಟ್ಟೆಯ ಮೂಟೆಗಳು ಬಂದು ಬೀಳುವ ಜಾಗ, ನಡುವೆ ಗಡಗಡ ಸುತ್ತುವ ಯಂತ್ರಗಳು, ಇನ್ನೊಂದು ತುದಿಯಲ್ಲಿ ಬಿಸಿ ಉರುಳೆಗಳ ನಡುವಿನಿಂದ ಕಾಗದದಂತೆ ಚಪ್ಪಟೆಯಾಗಿ ಹೊರಬರುವ ಬಿಳಿ ಹಾಸುಗಳು. ಹಾಸು ಮಡಿಸುವುದು ಜೋಡಿ ಕೆಲಸ. ಇಬ್ಬರು ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿಯಬೇಕು. ಜಗ್ಗಿ, ಫಟ್ಟೆಂದು ಕೊಡವಿ, ನಡೆದು ಬಂದು ತನ್ನ ಮೂಲೆಗಳನ್ನು ಎದುರಿನವಳ ಕೈಗೆ ಕೊಟ್ಟು, ಬಗ್ಗಿ ಕೆಳಗಿನ ಮಡಿಕೆ ಹಿಡಿದು ಮತ್ತೆ ಹಿಂದೆ ಸರಿಯಬೇಕು. ಪ್ರತಿ ಹಾಸಿಗೂ ಮುಖಕ್ಕೆ ಮುಖ ಗೇಣು ದೂರಕ್ಕೆ ಬರುತ್ತದೆ, ಬೆರಳಿಗೆ ಬೆರಳು ತಗಲುತ್ತದೆ. ಇಡೀ ದಿನ ಹೀಗೆ ಹತ್ತಿರ, ದೂರ, ಹತ್ತಿರ, ದೂರ. ಗಂಡ ಹೆಂಡಿರೂ ಇಷ್ಟು ಸಲ ಎದುರಾಗುವುದಿಲ್ಲ ಎಂದು ಅಲ್ಲಿಯ ಹೆಂಗಸರು ನಗುತ್ತಿದ್ದರು.

ಅವಳ ಜೋಡಿ ವಯಸ್ಸಿನಲ್ಲಿ ಚಿಕ್ಕವಳು, ಬಾಯಿಯಲ್ಲಿ ದೊಡ್ಡವಳು. ಅದಕ್ಕೇ ಅವಳನ್ನು ಪಟಾಕಿ ಎನ್ನುತ್ತಿದ್ದರು. ನೆಗಡಿ ಮೊದಲು ಬಂದದ್ದು ಪಟಾಕಿಗೆ.

"ಅಕ್ಕಾ, ಹತ್ತಿರ ಬಂದಾಗ ಮುಖ ಆ ಕಡೆ ತಿರುಗಿಸ್ಕೋ. ನನಗೆ ಭಯಂಕರ ಶೀತ, ಸೂಪರ್‌ವೈಸರ್‌ಗೆ ಇನ್ನೂ ಗೊತ್ತಾಗಿಲ್ಲ."

"ಮುಖ ತಿರುಗಿಸಿದ್ರೆ ಮೂಲೆ ಕಾಣುತ್ತೇನೇ? ಬೆನ್ನಲ್ಲಿ ಕಣ್ಣಿದೆಯಾ ನನಗೆ?"

"ಹಾಗಾದ್ರೆ ಉಸಿರು ಬಿಗಿ ಹಿಡ್ಕೋ."

"ಹಿಡಿದೆ. ಸಂಜೆ ಬಿಡ್ತೀನಿ."

ಇಬ್ಬರೂ ನಕ್ಕರು. ಪಟಾಕಿ ಕೈಯ ಹಿಂಬದಿಯಿಂದ ಮೂಗೊರೆಸಿಕೊಂಡು ಅದೇ ಕೈಯಿಂದ ಹಾಸಿನ ಮೂಲೆಯನ್ನು ಅವಳ ಕೈಗಿಟ್ಟಳು. ಅವಳು ಅದೇ ಕೈಯಿಂದ ಹಣೆಯ ಬೆವರು ಒರೆಸಿಕೊಂಡಳು, ಕಣ್ಣುಜ್ಜಿಕೊಂಡಳು. ನೆಗಡಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ. ಕೈ ತೊಳೆಯುವ ನಲ್ಲಿ ಶೆಡ್ಡಿನ ಆ ತುದಿಯಲ್ಲಿತ್ತು, ಮೂಟೆಗಳ ಆಚೆ. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಉರುಳೆಯ ಬಾಯಲ್ಲಿ ಹಾಸುಗಳು ರಾಶಿ ಬೀಳುತ್ತಿದ್ದವು.

ಅವಳು ಸೀನತೊಡಗಿದ ದಿನ ಸೂಪರ್‌ವೈಸರ್ ಹತ್ತಿರ ಬಂದ. ಕೆಟ್ಟವನೇನಲ್ಲ, ಹೆಂಗಸರನ್ನು "ಅಮ್ಮಾ" ಎಂದೇ ಮಾತನಾಡಿಸುತ್ತಿದ್ದ. ಆದರೆ ಅಲ್ಲೊಂದು ಕಟ್ಟುನಿಟ್ಟು ಇತ್ತು. ಬಿಳಿ ಹಾಸಿನ ಮೇಲೆ ಸೀನುವವಳು ಮಡಿಸುವ ಕಡೆ ನಿಲ್ಲಬಾರದು, ಕೊಳೆ ಮೂಟೆ ಬಿಚ್ಚುವ ಕಡೆ ಹೋಗಬೇಕು. ಯಾರು ಯಾರೋ ಮಲಗಿ, ವಾಂತಿ ಮಾಡಿ, ರಕ್ತ ಹರಿಸಿ ಬಿಟ್ಟುಹೋದ ಬಟ್ಟೆಗಳನ್ನು ಬಿಡಿಸುವ ಕೆಲಸ ಯಾರಿಗೂ ಬೇಡ.

"ಅಮ್ಮಾ, ನಿಮ್ಮನ್ನ ಆ ಕಡೆ ಹಾಕೋಕೆ ನನಗೆ ಮನಸ್ಸಿಲ್ಲ. ಇದನ್ನ ನುಂಗಿ. ಮೂಗು ಒಣಗಿದ ಕಟ್ಟಿಗೆ ಆಗುತ್ತೆ." ಅವನ ಮೇಜಿನ ಡ್ರಾಯರಿನಲ್ಲಿ ಇಂಥ ಮಾತ್ರೆಗಳು ಸದಾ ಇರುತ್ತಿದ್ದವು. ಹಳದಿ ಬಣ್ಣದ ಒಂದನ್ನು ಅವಳ ಅಂಗೈಗೆ ಹಾಕಿದ. "ಮಧ್ಯಾಹ್ನ ಊಟ ಆದ್ಮೇಲೆ ಇನ್ನೊಂದು ಇಸ್ಕೊಳ್ಳಿ."

"ಮನೆಗೆ ಹೋಗಿ ಮಲಗಲಿ ಅಂತ ಹೇಳ್ಬಾರ್ದಾ ಸಾರ್?" ಎಂದಳು ಪಟಾಕಿ.

"ಅವರೇ ಮಲಗಿದ್ರೆ ಈ ಶೆಡ್ಡು ಎದ್ದು ನಿಲ್ಲುತ್ತೇನಮ್ಮಾ?" ಎಂದು ಅವನು ನಕ್ಕ. ಗಟ್ಟಿಗಿತ್ತಿಯೂ ನಕ್ಕಳು. ನುಂಗಿದಳು.

ಅದೇ ಸಂಜೆ ಅವಳ ಗಂಡ ಔಷಧಿ ಅಂಗಡಿಯ ಮುಂದೆ ನಿಂತಿದ್ದ. ಹೆಂಡತಿಯ ಮೇಲೆ ಪ್ರೀತಿ ಇಲ್ಲದವನಲ್ಲ. ಬೆಳಗ್ಗೆ ಅವಳು ಸೀನುತ್ತ ಡಬ್ಬಿ ಕಟ್ಟಿದ್ದನ್ನು ಕಂಡಿದ್ದ. ಸೀನು ತನ್ನ ಊಟದ ಮೇಲೆ ಬಿತ್ತೇನೋ ಎಂಬ ಅನುಮಾನವೂ ಸೇರಿಕೊಂಡು, ಏನಾದರೂ ಮಾಡಬೇಕು ಅನ್ನಿಸಿತ್ತು. ಅಂಗಡಿಯ ಹೆಂಗಸು ಒಂದು ಪಟ್ಟಿ ಮಾತ್ರೆ ತೆಗೆದಳು. ಒಂದು ಕಡೆ ಕೆಂಪು, ಒಂದು ಕಡೆ ಬಿಳಿ.

"ಹೊತ್ತಿಗೊಂದು, ಊಟ ಆದ್ಮೇಲೆ. ಇದರೊಳಗೇ ಪ್ಯಾರಾಸಿಟಮಾಲ್ ಇದೆ. ಇದರ ಜೊತೆ ಜ್ವರಕ್ಕೆ, ಮೈಕೈ ನೋವಿಗೆ ಅಂತ ಇನ್ನೊಂದು ಮಾತ್ರೆ ಕೊಡ್ಬೇಡಿ. ಎಲ್ಲದರೊಳಗೂ ಅದೇ ಇರುತ್ತೆ. ಹೆಚ್ಚಾದ್ರೆ ಲಿವರ್‌ಗೆ ಪೆಟ್ಟು. ಹೇಳ್ತೀರಲ್ಲ ಅವರಿಗೆ?"

"ಹೇಳ್ತೀನಿ, ಹೇಳ್ತೀನಿ. ಬರೀ ನೆಗಡಿ ತಾನೇ?"

"ನೆಗಡಿ ಹೋಗುತ್ತೆ ಸಾರ್. ಮಾತ್ರೆ ತಗೊಂಡ್ರೂ ಹೋಗುತ್ತೆ, ತಗೊಳ್ಳದಿದ್ರೂ ಹೋಗುತ್ತೆ. ನಾನು ಹೇಳಿದ್ದು ಮಾತ್ರೆ ವಿಷಯ."

ಅವನು ತಲೆಯಾಡಿಸಿ ಹೊರಟ. ದಾರಿಯಲ್ಲಿ ಗುತ್ತಿಗೆದಾರ ಸಿಕ್ಕ. ಯಾವುದೋ ಮಹಡಿಯಲ್ಲಿ ದೀಪ ಹತ್ತುತ್ತಿಲ್ಲ ಎಂಬ ಜಗಳವಾಯಿತು. ಮನೆ ತಲುಪುವ ಹೊತ್ತಿಗೆ ಅಂಗಡಿಯವಳ ಮಾತಿನಲ್ಲಿ ಅವನ ತಲೆಯೊಳಗೆ ಉಳಿದಿದ್ದು "ಹೊತ್ತಿಗೊಂದು" ಎಂಬುದಷ್ಟೇ.

ಪಟ್ಟಿಯನ್ನು ಅತ್ತೆ ಇಸಿದುಕೊಂಡರು. ಅವರದೊಂದು ಕ್ರಮವಿತ್ತು. ಮಾತ್ರೆಯ ತಗಡು ಕಾಗದ ಬೆರಳು ಕುಯ್ಯುತ್ತದೆಂದು, ಯಾವ ಮಾತ್ರೆ ಮನೆಗೆ ಬಂದರೂ ಎಲ್ಲವನ್ನೂ ಒಂದೇ ಸಲ ಬಿಡಿಸಿ, ಮುಚ್ಚಳವಿರುವ ಸ್ಟೀಲ್ ಡಬ್ಬಿಗೆ ಹಾಕಿ, ಪಟ್ಟಿಯನ್ನು ಕಸದ ಬುಟ್ಟಿಗೆ ಎಸೆಯುತ್ತಿದ್ದರು. ಡಬ್ಬಿಯೊಳಗೆ ಮಾತ್ರೆಗಳಿಗೆ ಹೆಸರಿರಲಿಲ್ಲ, ಬಣ್ಣವಿತ್ತು, ಕೆಲಸವಿತ್ತು. ಮೊಣಕಾಲಿನದು ಬಿಳಿ ಉದ್ದನೆಯದು. ಗ್ಯಾಸ್‌ನದು ಗುಲಾಬಿ. ಈಗ ಬಂದದ್ದು ಕೆಂಪು ಬಿಳಿ, ನೆಗಡಿಯದು. ಮನೆಯಲ್ಲಿ ಎಲ್ಲರೂ ಆ ಡಬ್ಬಿಯನ್ನು ಕಣ್ಣು ಮುಚ್ಚಿ ನಂಬಿದ್ದರು.

"ತಗೊಳ್ಳೇ, ನುಂಗು" ಎಂದರು ಅತ್ತೆ, ಅಂಗೈ ಚಾಚಿ. ಕೆಂಪು ಬಿಳಿಯ ಪಕ್ಕದಲ್ಲಿ ಉದ್ದನೆಯ ಬಿಳಿಯೂ ಇತ್ತು. "ಇದು ನನ್ನ ಕಾಲು ನೋವಿಂದು. ಮೈಕೈ ಹಿಡ್ಕೊಂಡಿದ್ರೆ ಇದಕ್ಕಿಂತ ಇನ್ನೊಂದಿಲ್ಲ. ನನ್ನ ಪಾಲಿಂದ ಕೊಡ್ತಿದೀನಿ, ನೋಡು."

"ಎರಡೂ ಒಟ್ಟಿಗೇನಾ ಅತ್ತೆ?"

"ಒಂದು ಮೂಗಿಗೆ, ಒಂದು ಮೈಗೆ. ಮೂಗು ಬೇರೆ ಮೈ ಬೇರೆ ಅಲ್ವಾ?"

ಮೂಗು ಬೇರೆ, ಮೈ ಬೇರೆ. ಬಣ್ಣ ಬೇರೆ, ಉದ್ದ ಅಗಲ ಬೇರೆ. ಹಳದಿಯ ಒಳಗೆ, ಕೆಂಪು ಬಿಳಿಯ ಒಳಗೆ, ಉದ್ದನೆಯ ಬಿಳಿಯ ಒಳಗೆ ಇದ್ದದ್ದು ಒಂದೇ ಔಷಧಿ. ಅದನ್ನು ಹೇಳಬೇಕಾದವನು ಕೈಕಾಲು ತೊಳೆದು ಬಂದು ಊಟಕ್ಕೆ ಕುಳಿತಿದ್ದ.

ಮಗಳಿಗೂ ಅಮ್ಮನ ಮೇಲೆ ಅಕ್ಕರೆ ಇತ್ತು. ಕಾಲೇಜಿನ ಪರೀಕ್ಷೆ ಹತ್ತಿರವಿದ್ದರೂ ಸ್ನೇಹಿತೆಯಿಂದ ಕೇಳಿ ನೆಗಡಿಗೆ ಕುಡಿಯುವ ಪುಡಿಯ ಪೊಟ್ಟಣಗಳನ್ನು ತಂದಳು. ಬಿಸಿನೀರಿಗೆ ಹಾಕಿದರೆ ನಿಂಬೆಯ ಘಮ ಬರುತ್ತಿತ್ತಂತೆ. ಅಮ್ಮನಿಗೆ ಘಮ ತಿಳಿಯುತ್ತಿರಲಿಲ್ಲ.

"ಅಮ್ಮಾ, ಇದು ಮಾತ್ರೆ ಅಲ್ಲ, ಬರೀ ಜ್ಯೂಸ್ ಇದ್ದ ಹಾಗೆ. ಬೆಳಗ್ಗೆ ಒಂದು, ಸಂಜೆ ಒಂದು. ನಾನೇ ಕಲಸಿ ಕೊಡ್ತೀನಿ."

ಮಗಳು ತನಗಾಗಿ ಒಲೆಯ ಮುಂದೆ ನಿಂತದ್ದನ್ನು ಕಂಡು ತಾಯಿಯ ಕಣ್ಣು ತುಂಬಿತು. ಲೋಟ ಖಾಲಿ ಮಾಡಿದಳು. ಆ ಪುಡಿಯಲ್ಲೂ ಅದೇ ಇತ್ತು. ಲೋಟ, ಚಮಚ, ನೀರು ಕಾಯಿಸಿದ ಪಾತ್ರೆ ಮೂರನ್ನೂ ಆಮೇಲೆ ತಾಯಿಯೇ ತೊಳೆದಿಟ್ಟಳು.

ಹೀಗೆ ದಿನಗಳು ಶುರುವಾದವು. ಎದ್ದ ಕೂಡಲೇ ಮಗಳ ಲೋಟ. ತಿಂಡಿ ಮಾಡಿ ಡಬ್ಬಿಗಳನ್ನು ಕಟ್ಟುವಾಗ ಗಂಡನ ಕೆಂಪು ಬಿಳಿ. ಹೊರಡುವಾಗ ಅತ್ತೆಯ ಬಿಳಿ. ಲಾಂಡ್ರಿಯಲ್ಲಿ ಹಳದಿ, ಮಧ್ಯಾಹ್ನ ಮತ್ತೆ ಹಳದಿ. ಸಂಜೆ ಬಂದು ಅಡುಗೆಗೆ ನಿಂತರೆ ಮೊದಲಿನಿಂದ ಎಲ್ಲವೂ ಇನ್ನೊಂದು ಸುತ್ತು. ಯಾರೂ ಇನ್ನೊಬ್ಬರು ಕೊಟ್ಟದ್ದನ್ನು ಕೇಳಲಿಲ್ಲ. ಪ್ರತಿಯೊಬ್ಬರಿಗೂ ತಾನೇ ಅವಳನ್ನು ನೋಡಿಕೊಳ್ಳುತ್ತಿದ್ದೇನೆಂಬ ಸಮಾಧಾನ. ಮಾತ್ರೆ ಕೊಟ್ಟವರು ಪೊರಕೆ ಹಿಡಿಯಬೇಕಾಗಿರಲಿಲ್ಲ. ಅವಳಾದರೂ ಏಕೆ ಬೇಡ ಅನ್ನಲಿಲ್ಲ? ಬೇಡ ಎಂದರೆ ಮಾತು ಬೆಳೆಯುತ್ತದೆ. ನುಂಗಿದರೆ ಕೆಲಸ ಮುಗಿಯುತ್ತದೆ. ಆ ಮನೆಯಲ್ಲಿ ಅವಳು ಎಷ್ಟೋ ಸಂಗತಿಗಳನ್ನು ಹಾಗೆಯೇ ನುಂಗಿದವಳು.

ಊಟ ಮಾತ್ರ ಗಂಟಲಿಂದ ಇಳಿಯುತ್ತಿರಲಿಲ್ಲ. ರುಚಿಯಿಲ್ಲ, ವಾಸನೆಯಿಲ್ಲ. ಉಪ್ಪು ಸರಿಯಿದೆಯೇ ಎಂದು ಮಗಳಿಗೆ ನೋಡಲು ಹೇಳಿ ಎಲ್ಲರಿಗೂ ಬಡಿಸಿ, ತನ್ನ ತಟ್ಟೆಯಲ್ಲಿ ಎರಡು ತುತ್ತು ಕಲಸಿಟ್ಟು ಏಳುತ್ತಿದ್ದಳು. ಖಾಲಿ ಹೊಟ್ಟೆಯಲ್ಲಿ ಮಾತ್ರೆಗಳು ಒಂದರ ಮೇಲೊಂದು ಬಿದ್ದವು.

ನೆಗಡಿ ತನ್ನ ಪಾಡಿಗೆ ತಾನು ಹೋಯಿತು. ವಾರ ತುಂಬುವ ಹೊತ್ತಿಗೆ ಮೂಗು ಒಣಗಿತ್ತು, ಸೀನು ನಿಂತಿತ್ತು. ಹಾಗೆ ನೋಡಿದರೆ ಅವಳಿಗೆ ಗುಣವಾಗಬೇಕಿತ್ತು. ಆದರೆ ಬೆಳಗ್ಗೆ ಏಳುವಾಗ ಹಾಸಿಗೆಯೇ ಬೆನ್ನಿಗೆ ಹೊಲಿದುಕೊಂಡಂತೆ ಅನ್ನಿಸತೊಡಗಿತು. ಹೊಟ್ಟೆ ತೊಳಸುತ್ತಿತ್ತು. ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಹೆಬ್ಬೆರಳು ಒತ್ತಿ ಹಿಡಿದಂಥ ನೋವು. ನೀರು ಕುಡಿದರೂ ವಾಂತಿ. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತ್ತು. ಬಚ್ಚಲಿನಲ್ಲಿ ಅದನ್ನು ಕಂಡು ಒಂದು ಗಳಿಗೆ ನಿಂತಳು, ನೀರು ಕಡಿಮೆ ಕುಡಿದಿದ್ದೇನೆ ಎಂದುಕೊಂಡು ಒಂದು ಚೊಂಬು ಸುರಿದು ಹೊರಬಂದಳು. ಕುಕ್ಕರ್ ಕೂಗುತ್ತಿತ್ತು.

"ಇನ್ನೂ ಹೋಗಿಲ್ವೇನೇ ನಿನ್ನ ನೆಗಡಿ?" ಎಂದ ಗಂಡ. "ಮುಖ ಇಳಿದು ಹೋಗಿದೆ."

"ಏನೋ ಸುಸ್ತು ರೀ. ಇವತ್ತು ಒಂದು ದಿನ ಮಲಗ್ಲಾ ಅಂತಿದ್ದೆ."

ಅವನು ತಬ್ಬಿಬ್ಬಾದ. ಮದುವೆಯಾದಂದಿನಿಂದ ಅವಳ ಬಾಯಿಂದ ಆ ಮಾತು ಬಂದದ್ದೇ ಇಲ್ಲ. "ಮಲಗು, ಬೇಡ ಅಂದೋರ್ಯಾರು? ಆದ್ರೆ ಇವತ್ತು ತಂಗಿ, ಅವಳ ಗಂಡ ಬರ್ತಾರಲ್ಲ. ನಾಳೆ ಮಲಗೀಯಂತೆ. ಇನ್ನೊಂದು ಪಟ್ಟಿ ತರ್ತೀನಿ, ತಾಳು."

ಅತ್ತೆ ಒಳಗಿನಿಂದ ಕೇಳಿಸಿಕೊಂಡು ಡಬ್ಬಿಯ ಸಮೇತ ಬಂದರು. "ಒಂದರಲ್ಲಿ ಹೋಗದಿದ್ರೆ ಎರಡು ತಗೋಬೇಕು. ನನ್ನ ಮೊಣಕಾಲಿಗೂ ಹಾಗೇ. ಹಟಮಾರಿ ನೋವು ಅದು. ನುಂಗಮ್ಮ."

ನುಂಗಿದಳು. ಅಂದು ಬಂದವರಿಗೆ ಅಡುಗೆಯಾಯಿತು. ನಾದಿನಿ, "ಏನು ಅತ್ತಿಗೆ, ಸಣ್ಣಗಾಗಿದೀರಿ! ನನಗೂ ಆ ಗುಟ್ಟು ಹೇಳ್ಕೊಡಿ" ಎಂದು ಸೊಂಟ ಚಿವುಟಿದಳು. ಎಲ್ಲರೂ ನಕ್ಕರು. ಪಾತ್ರೆಗಳ ಮುಂದೆ ನಿಂತಾಗ ಅವಳಿಗೆ ಕಣ್ಣು ಕತ್ತಲಿಟ್ಟಿತು, ನಲ್ಲಿಯನ್ನು ಹಿಡಿದುಕೊಂಡಳು. ನೀರಿನ ಸದ್ದಿಗೆ ಹೊರಗಿದ್ದವರಿಗೆ ಯಾವುದೂ ಕೇಳಿಸಲಿಲ್ಲ.

ಮರುದಿನ ಮಲಗಬೇಕಿತ್ತು. ಮರುದಿನ ಲಾಂಡ್ರಿಯಲ್ಲಿ ಮದುವೆ ಮಂಟಪದವರ ಬಟ್ಟೆ ಬಂದು ಬಿದ್ದಿತ್ತು, ಇಬ್ಬರು ರಜೆಯ ಮೇಲಿದ್ದರು. ಸೂಪರ್‌ವೈಸರ್ ಫೋನ್ ಮಾಡಿ, "ಅಮ್ಮಾ, ನಿಮ್ಮನ್ನೇ ನಂಬಿದೀನಿ" ಎಂದ. ಅವಳು ಹೋದಳು.

ಪಟಾಕಿ ಎದುರು ನಿಂತು ಮೂಲೆ ಹಿಡಿದಳು. ಜಗ್ಗಿದಳು. ಎದುರಿನಿಂದ ಎಳೆತವೇ ಬರಲಿಲ್ಲ, ಹಾಸು ಜೋಲಿತು.

"ಅಕ್ಕಾ, ಎಳಿ! ಊಟ ಮಾಡಿಲ್ವಾ?"

ಗಟ್ಟಿಗಿತ್ತಿ ನಕ್ಕು ಎಳೆದಳು. ಕೊಡವಿದರು. ನಡೆದು ಹತ್ತಿರ ಬಂದರು. ಮೂಲೆ ಕೊಡಲು ಪಟಾಕಿ ತಲೆಯೆತ್ತಿದವಳು ಹಾಗೇ ನಿಂತುಬಿಟ್ಟಳು. ಹೊಸದಾಗಿ ಉರುಳೆಯಿಂದ ಬಂದ ಬಿಳಿ ಹಾಸು ಗಟ್ಟಿಗಿತ್ತಿಯ ಗದ್ದದ ಕೆಳಗೇ ಹರಡಿತ್ತು. ಅದರ ಮೇಲೆ ಆ ಮುಖ, ಆ ಮುಖದಲ್ಲಿ ಕಣ್ಣು. ಕಣ್ಣಿನ ಬಿಳಿ ಎಲ್ಲಿ ಹೋಯಿತು?

"ಅಕ್ಕಾ, ಈ ಕಡೆ ತಿರುಗು. ಬೆಳಕಿಗೆ. ನಿನ್ನ ಕಣ್ಣು ಹಳದಿ ಆಗಿದೆ."

"ನಿದ್ದೆ ಇಲ್ಲ ಕಣೇ, ಅದಕ್ಕೆ."

"ನಿದ್ದೆ ಇಲ್ಲದಿದ್ರೆ ಕೆಂಪಾಗುತ್ತೆ. ಹಳದಿ ಆಗಲ್ಲ." ಪಟಾಕಿಯ ಸ್ವರ ಇಳಿದಿತ್ತು. ಯಾವಾಗಲೂ ಸಿಡಿಯುತ್ತಿದ್ದವಳು ಪಿಸುಗುಡುವುದನ್ನು ಕೇಳಿ ಅಕ್ಕಪಕ್ಕದ ಮೇಜಿನವರೂ ತಿರುಗಿ ನೋಡಿದರು. "ವಾಂತಿನೂ ಆಗ್ತಿದೆಯಾ? ಎಷ್ಟು ದಿನದಿಂದ?"

"ಈ ರಾಶಿ ಮುಗಿಸಿ ಹೋಗೋಣ ಬಿಡು..."

ಪಟಾಕಿ ಮೂಲೆಗಳನ್ನು ಕೈಬಿಟ್ಟಳು. ಒಗೆದ ಹಾಸು ನೆಲದ ಮೇಲೆ ಬಿತ್ತು. ಆ ಶೆಡ್ಡಿನಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿರಲಿಲ್ಲ. "ಏಯ್!" ಎಂದು ಸೂಪರ್‌ವೈಸರ್ ಓಡಿ ಬಂದ. "ಆಟೋ ಕರೀರಿ ಸಾರ್" ಎಂದಳು ಪಟಾಕಿ. ಅವನು ಗಟ್ಟಿಗಿತ್ತಿಯ ಮುಖ ನೋಡಿದ. ಆಮೇಲೆ ಬಾಗಿಲ ಕಡೆ ಓಡಿದ.

ಆಸ್ಪತ್ರೆಯ ಡಾಕ್ಟರು ವಯಸ್ಸಾದ ಹೆಂಗಸು. ರೆಪ್ಪೆ ಎಳೆದು ನೋಡಿದರು, ಬಲಗಡೆ ಹೊಟ್ಟೆ ಒತ್ತಿದಾಗ ಅವಳು ಮುಲುಗಿದ್ದನ್ನು ಗಮನಿಸಿದರು, ರಕ್ತ ತೆಗೆಸಿದರು.

"ಏನೇನು ಮಾತ್ರೆ ತಗೊಂಡಿದೀರಮ್ಮ?"

"ನೆಗಡಿದು."

"ಯಾವುದು?"

ಅವಳಿಗೆ ಹೆಸರು ಗೊತ್ತಿರಲಿಲ್ಲ. "ಹಳದಿ," ಎಂದಳು. "ಕೆಂಪು ಬಿಳಿ. ಉದ್ದನೇದು. ನಿಂಬೆಹಣ್ಣಿಂದು." ಡಾಕ್ಟರ ಹುಬ್ಬು ಗಂಟಿಕ್ಕಿತು.

"ಮನೆಯವರನ್ನ ಕರೆಸಿ. ಮನೆಯಲ್ಲಿರೋ ಮಾತ್ರೆ ಎಲ್ಲ ತರೋಕೆ ಹೇಳಿ."

ಗಂಡ ಹೊಸದಾಗಿ ಕೊಂಡ ಕೆಂಪು ಬಿಳಿ ಪಟ್ಟಿ ಹಿಡಿದು ಕೆಲಸದ ಬಟ್ಟೆಯಲ್ಲೇ ಬಂದ. ಅತ್ತೆ ಸ್ಟೀಲ್ ಡಬ್ಬಿಯನ್ನೂ ತಮ್ಮ ಮೊಣಕಾಲಿನ ಔಷಧಿ ಚೀಟಿಯನ್ನೂ ಎದೆಗವಚಿಕೊಂಡು ಬಂದರು. ಮಗಳು ಖಾಲಿ ಪೊಟ್ಟಣಗಳನ್ನು ಕಸದ ಬುಟ್ಟಿಯಿಂದ ಹೆಕ್ಕಿ ತಂದಿದ್ದಳು. ಡಾಕ್ಟರು ಒಂದೊಂದನ್ನೇ ಮೇಜಿನ ಮೇಲಿಟ್ಟು ನೋಡಿದರು.

"ನಾನು ಕೊಟ್ಟದ್ದು ಹೊತ್ತಿಗೆ ಒಂದೇ ಡಾಕ್ಟ್ರೇ" ಎಂದ ಗಂಡ.

"ನಾನೂ ಹೊತ್ತಿಗೆ ಒಂದೇ" ಎಂದರು ಅತ್ತೆ. ಆಮೇಲೆ, "ನಿನ್ನೆಯಿಂದ ಎರಡು" ಎಂದರು.

"ನಾನು ಬರೀ ಈ ಪುಡಿ..." ಎಂದಳು ಮಗಳು.

ಬಾಗಿಲ ಹತ್ತಿರ ನಿಂತಿದ್ದ ಸೂಪರ್‌ವೈಸರ್ ತಾನಾಗಿಯೇ, "ನಮ್ಮಲ್ಲೂ ದಿನಾ ಕೊಡ್ತಿದ್ವಿ" ಎಂದು ಜೇಬಿನಿಂದ ಹಳದಿ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ.

ಒಬ್ಬರ ಮುಖ ಒಬ್ಬರು ನೋಡಿದರು. ಅದೇ ಮೊದಲ ಸಲ ಅವರೆಲ್ಲ ತಾವು ಕೊಟ್ಟದ್ದನ್ನು ಒಂದೇ ಕಡೆ ಕೂಡಿಸಿ ನೋಡಿದ್ದು.

"ಇವೆಲ್ಲ ಒಂದೇ ಔಷಧಿ" ಎಂದರು ಡಾಕ್ಟರು. ಸ್ವರ ಏರಿಸಲಿಲ್ಲ, ಏರಿಸಿದ್ದರೆ ಕೇಳಿದವರಿಗೆ ಸುಲಭವಾಗುತ್ತಿತ್ತು. "ಲೆಕ್ಕಕ್ಕೆ ತಗೊಂಡ್ರೆ ಒಳ್ಳೆಯ ಔಷಧಿ. ಎಲ್ಲರೂ ಸೇರಿ ಕೊಟ್ರೆ ವಿಷ. ಅದರ ಮೇಲೆ ಊಟ ಇಲ್ಲ. ಲಿವರ್ ಸಾಯ್ತಾ ಇದೆ. ಬೇಗ ಬಂದಿದ್ರೆ ಇಷ್ಟು ಯೋಚನೆ ಇರ್ತಿರಲಿಲ್ಲ."

"ಬರೀ ನೆಗಡಿಗೆ..." ಎಂದ ಗಂಡ.

"ನೆಗಡಿಗೆ ಔಷಧಿ ಇಲ್ಲ ಅಂತ ನಿಮಗೆ ಯಾರೂ ಹೇಳಿಲ್ವಾ? ಮಾತ್ರೆ ನೋವು ಮರೆಸುತ್ತೆ, ಅಷ್ಟೇ. ನೀರು, ಸ್ವಲ್ಪ ಊಟ, ನಿದ್ದೆ. ನಾಲ್ಕು ದಿನ ಮಲಗಿಸಿದ್ರೆ ಸಾಕಿತ್ತು."

ಅವನಿಗೆ ಔಷಧಿ ಅಂಗಡಿಯ ಹೆಂಗಸಿನ ಮಾತು ಆಗ ನೆನಪಾಯಿತು. ಅದನ್ನು ಅವನು ಅಲ್ಲಿ ಹೇಳಲಿಲ್ಲ. ಮುಂದೆಯೂ ಯಾರಿಗೂ ಹೇಳಲಿಲ್ಲ.

ಅವಳ ತೋಳಿಗೆ ಡ್ರಿಪ್ ಹಾಕಿದರು. ಆ ವಿಷವನ್ನು ಮುರಿಯುವ ಔಷಧಿ ಹನಿಹನಿಯಾಗಿ ಇಳಿಯತೊಡಗಿತು. ತಡವಾಗಿದೆ, ಕಾದು ನೋಡಬೇಕು ಎಂದರು. ಮೊದಮೊದಲು ರಕ್ತ ಪರೀಕ್ಷೆಯ ವರದಿ ಪ್ರತಿ ಸಲವೂ ಹಿಂದಿನದಕ್ಕಿಂತ ಕೆಟ್ಟದಾಗಿಯೇ ಬಂದಿತು. ಅವಳಿಗೆ ಹಗಲಲ್ಲೂ ಮಂಪರು. ಮೈ ಅರಿಶಿನ ಬಳಿದಂತಾಗಿತ್ತು. ಕಣ್ಣು ಬಿಟ್ಟಾಗ ಎದುರಿದ್ದವರು ಯಾರೆಂದು ತಿಳಿಯುತ್ತಿರಲಿಲ್ಲ. ಹೊದಿಸಿದ್ದ ಹಾಸನ್ನು ಬೆರಳುಗಳಿಂದ ತಡಕುತ್ತ, ಮೂಲೆ ಹುಡುಕಿ, ಎರಡೂ ಕೈ ಚಾಚಿ, "ಹಿಡ್ಕೋ, ಹಿಡ್ಕೋ, ರಾಶಿ ಬೀಳ್ತಿದೆ" ಎನ್ನುತ್ತಿದ್ದಳು. ನರ್ಸು ಕೈಗಳನ್ನು ಮೆಲ್ಲಗೆ ಒಳಗಿಟ್ಟರೆ ಮತ್ತೆ ತೆಗೆಯುತ್ತಿದ್ದಳು. ಬುದ್ಧಿ ತಪ್ಪಿದಾಗಲೂ ಕೈ ಕೆಲಸ ಬಿಟ್ಟಿರಲಿಲ್ಲ. ಅದನ್ನು ನೋಡಲಾರದೆ ಮಗಳು ಹೊರಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದಳು. ಪಟಾಕಿ ಮಾತ್ರ ಕೆಲಸ ಮುಗಿಸಿ ಬಂದು, ಎದುರು ನಿಂತು, ಆ ಮೂಲೆಗಳನ್ನು ಹಿಡಿದುಕೊಳ್ಳುತ್ತಿದ್ದಳು. "ಹಿಡಿದೆ ಅಕ್ಕಾ. ಮುಗೀತು. ಇನ್ನು ಮಲಗು."

ಮನೆ ಅಷ್ಟರಲ್ಲಿ ಮನೆಯಾಗಿ ಉಳಿದಿರಲಿಲ್ಲ. ತೊಟ್ಟಿಯಲ್ಲಿ ಪಾತ್ರೆಗಳು ಬೂಸ್ಟು ಹಿಡಿದವು. ಗಂಡ ಆಸ್ಪತ್ರೆಗೆ ಬಂದಾಗಲೆಲ್ಲ ಒಂದೊಂದು ಪ್ರಶ್ನೆ ಹೊತ್ತು ಬರುತ್ತಿದ್ದ. ಅವಳಿಗೆ ಸ್ವಲ್ಪ ಪ್ರಜ್ಞೆ ಇರುವಂತೆ ಕಂಡರೆ ಬಗ್ಗಿ, "ಗ್ಯಾಸ್ ಬುಕ್ ಮಾಡೋ ನಂಬರ್ ಯಾವುದರಲ್ಲಿದೆ? ಅಮ್ಮನ ಬಿ.ಪಿ. ಮಾತ್ರೆ ಯಾವ ಅಂಗಡೀಲಿ ತರ್ತಿದ್ದೆ?" ಎನ್ನುತ್ತಿದ್ದ. ಒಮ್ಮೆ ನರ್ಸು ಅವನ ತೋಳು ಹಿಡಿದು ಹೊರಗೆ ನಿಲ್ಲಿಸಿದಳು.

ಆಮೇಲೊಂದು ಬೆಳಗ್ಗೆ ರಕ್ತ ಪರೀಕ್ಷೆಯ ವರದಿ ಹಿಂದಿನದಕ್ಕಿಂತ ಕೊಂಚ ಒಳ್ಳೆಯದಿತ್ತು. ಮರುದಿನ ಇನ್ನೂ ಕೊಂಚ. ಅವಳು ಮಗಳನ್ನು ಗುರುತಿಸಿದಳು. ನೀರು ಕೇಳಿದಳು. ಕುಡಿದದ್ದು ಹೊಟ್ಟೆಯಲ್ಲಿ ನಿಂತಿತು. ಕಣ್ಣಿನ ಹಳದಿ ಮಾತ್ರ ಹಾಗೆಯೇ ಇತ್ತು.

ಇನ್ನೂ ಕೆಲವು ದಿನ ಕಳೆದ ಮೇಲೆ ಡಾಕ್ಟರು ಮಂಚದ ಹತ್ತಿರ ಬಂದು ನಿಂತರು. ಗಂಡ, ಅತ್ತೆ, ಮಗಳು ಮೂವರೂ ಇದ್ದರು.

"ನಾಳೆ ನಾಡಿದ್ದರಲ್ಲಿ ಮನೆಗೆ ಕಳಿಸ್ಬಹುದು. ಆದ್ರೆ ಪೂರ್ತಿ ಗುಣ ಆಗಿಲ್ಲ, ಅದು ನೆನಪಿರಲಿ. ಲಿವರ್ ಈಗ ತಾನೇ ಚೇತರಿಸ್ಕೊಳ್ತಾ ಇದೆ. ಇನ್ನೊಂದು ಪೆಟ್ಟು ಬಿದ್ರೆ ನನ್ನ ಕೈಯಲ್ಲಿ ಏನೂ ಇಲ್ಲ. ತಿಂಗಳುಗಟ್ಟಲೆ ವಿಶ್ರಾಂತಿ ಬೇಕು. ಹೊತ್ತು ಹೊತ್ತಿಗೆ ಊಟ, ನಿದ್ದೆ. ಭಾರ ಎತ್ತೋ ಹಾಗಿಲ್ಲ, ಒಲೆ ಮುಂದೆ ನಿಲ್ಲೋ ಹಾಗಿಲ್ಲ. ನನ್ನನ್ನ ಕೇಳದೆ ಒಂದು ಮಾತ್ರೆ ಕೂಡದು."

"ಆಯ್ತು ಡಾಕ್ಟ್ರೇ" ಎಂದ ಗಂಡ. ನಿಜವಾಗಿಯೂ ಅವನ ಕಣ್ಣಲ್ಲಿ ನೀರಿತ್ತು. "ನೀವು ಹೇಳಿದ ಹಾಗೇ ಮಾಡ್ತೀವಿ."

"ಸರಿ. ಮನೆಯಲ್ಲಿ ಇವರನ್ನ ನೋಡ್ಕೊಳ್ಳೋರು ಯಾರು?"

ಗಂಡ ತಾಯಿಯ ಕಡೆ ನೋಡಿದ. ತಾಯಿ ತಮ್ಮ ಮೊಣಕಾಲು ನೋಡಿಕೊಂಡು, ಮೊಮ್ಮಗಳ ಕಡೆ ನೋಡಿದರು. ಮಗಳು ಕೈಯಲ್ಲಿದ್ದ ಪುಸ್ತಕದ ಕಡೆ, ಅಪ್ಪನ ಕಡೆ ನೋಡಿದಳು. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ನೋಡಿಕೊಳ್ಳುವವರು ಯಾರು ಎಂಬುದಕ್ಕೆ ಅವರಿಗೆಲ್ಲ ಒಂದೇ ಉತ್ತರ ಗೊತ್ತಿತ್ತು. ಯೋಚಿಸದೆ, ಬೇಕೆಂದೂ ಅಲ್ಲದೆ, ಮೂವರ ಕಣ್ಣೂ ಒಟ್ಟಿಗೆ ಮಂಚದ ಕಡೆ ತಿರುಗಿ ಅವಳ ಮೇಲೆ ನಿಂತವು.

ಅವಳು ಆ ಮೂರು ಜೊತೆ ಕಣ್ಣುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಡ್ರಿಪ್ಪಿನ ಸೂಜಿಯಿದ್ದ ಕೈಯಿಂದಲೇ ಡಾಕ್ಟರ ಕೋಟಿನ ಅಂಚು ಹಿಡಿದಳು.

"ಡಾಕ್ಟ್ರೇ," ಎಂದಳು, "ನನ್ನನ್ನ ಮನೆಗೆ ಕಳಿಸ್ಬೇಡಿ."